ಗಣಿ ಮುಚ್ಚಿತು, ರೈಲು ನಿಲ್ಲಲಿಲ್ಲ: ಕೆಜಿಎಫ್‌ನ ಪಾಸಿನ ಲೆಕ್ಕ

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ (ಕೋಲಾರ ಗೋಲ್ಡ್ ಫೀಲ್ಡ್ಸ್). ಅಲ್ಲಿನ ಮಾರಿಕುಪ್ಪಂ ಸ್ಟೇಷನ್ನಿಗೆ ಬಂದರೆ ಹಳಿ ಅಲ್ಲಿಗೇ ಮುಗಿಯುತ್ತದೆ. ಮುಂದೆ ದಾರಿಯಿಲ್ಲ. ಸುತ್ತ ಹಳೆಯ ಗಣಿಯ ಕಬ್ಬಿಣದ ಗೋಪುರಗಳು, ಆಚೆ ಅದಿರಿನಿಂದ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ, ಬೂದು ಬಣ್ಣದ ಸೈನೈಡ್ ಗುಡ್ಡಗಳು. ಬೆಳಕು ಹರಿಯುವ ಮೊದಲೇ ಊರಿನ ಒಂದು ಭಾಗ ಎದ್ದು ಬಂದು ಇಲ್ಲಿ ನಿಂತಿರುತ್ತದೆ. ಹೆಗಲಿಗೆ ಬ್ಯಾಗು, ಬ್ಯಾಗಿನಲ್ಲಿ ಎರಡು ಹೊತ್ತಿನ ಡಬ್ಬಿ, ಜೇಬಿನಲ್ಲಿ ರೈಲಿನ ತಿಂಗಳ ಪಾಸು. ಇವರೆಲ್ಲ ಬೆಂಗಳೂರಿಗೆ ಹೊರಟವರು. ರಾತ್ರಿ ಮತ್ತೆ ಇಲ್ಲಿಗೇ ಬರುತ್ತಾರೆ. ನಾಳೆ ಮತ್ತೆ ಹೋಗುತ್ತಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ದಿನಚರಿ ಇದೇ.

ಪ್ಯಾಸೆಂಜರ್ ರೈಲಿನಿಂದ ಊರಿಗೆ ಏನು ಲಾಭ ಎಂದು ಯಾರನ್ನಾದರೂ ಕೇಳಿ ನೋಡಿ. ಪ್ರವಾಸಿಗರು ಬರುತ್ತಾರೆ, ಕಾರ್ಖಾನೆ ಬರುತ್ತದೆ, ಸೈಟಿನ ರೇಟು ಏರುತ್ತದೆ ಎನ್ನುತ್ತಾರೆ. ಹೊಸ ಮಾರ್ಗಕ್ಕೆ ಅಡಿಗಲ್ಲು ಹಾಕುವಾಗ ವೇದಿಕೆಯ ಮೇಲೆ ಹೇಳುವುದೂ ಇದನ್ನೇ. ಕೆಜಿಎಫ್‌ಗೆ ಈ ಮೂರರಲ್ಲಿ ಒಂದೂ ಹೇಳಿಕೊಳ್ಳುವ ಹಾಗೆ ಬರಲಿಲ್ಲ. ಆದರೂ ಒಂದು ಚಿಕ್ಕ ಕವಲು ಮಾರ್ಗ, ದಿನಕ್ಕೆ ಕೆಲವೇ ರೈಲು, ಒಂದಿಡೀ ಊರನ್ನು ಎತ್ತಿ ಹಿಡಿದಿವೆ ಎಂಬುದು ನನ್ನ ವಾದ. ರೈಲು ಇಲ್ಲಿಗೆ ಕೆಲಸ ತರಲಿಲ್ಲ. ಕೆಲಸ ಬೇರೆ ಕಡೆ ಇದ್ದರೂ ಜನ ಮನೆ ಬಿಡದೆ ಇರುವ ಹಾಗೆ ಮಾಡಿತು. ಇವೆರಡೂ ಒಂದೇ ಅಲ್ಲ, ಮತ್ತು ಈ ಎರಡನೆಯದಕ್ಕೂ ಒಂದು ಬೆಲೆ ಇದೆ. ಅದನ್ನೂ ಕೊನೆಗೆ ನೋಡೋಣ.

ಹಳಿ ಯಾಕೆ ಬಂತು

ಬೆಂಗಳೂರು ದಂಡು ಪ್ರದೇಶಕ್ಕೆ ಮದ್ರಾಸ್ ಕಡೆಯಿಂದ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆ ಮೂಲಕ. ಆ ದಾರಿಯಲ್ಲಿ ಬೌರಿಂಗ್‌ಪೇಟೆ ಎಂಬ ಸ್ಟೇಷನ್ ಇತ್ತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನದು. ಅದೇ ಈಗಿನ ಬಂಗಾರಪೇಟೆ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿತು. ಯಂತ್ರ ತರಬೇಕು, ಕಲ್ಲಿದ್ದಲು ತರಬೇಕು, ಮರಮಟ್ಟು ತರಬೇಕು. ಎತ್ತಿನ ಗಾಡಿಯಲ್ಲಿ ಎಷ್ಟು ದಿನ ಸಾಗಿಸುವುದು? ಹಾಗಾಗಿ 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರಿನ ಕವಲು ಹಳಿ ಬಂತು. ಶಿವನಸಮುದ್ರದ ಕರೆಂಟು ಇಲ್ಲಿಗೆ ಬಂದದ್ದು 1902ರಲ್ಲಿ. ಬೆಂಗಳೂರಿಗೇ ಆಗಿನ್ನೂ ಕರೆಂಟು ಇರಲಿಲ್ಲ. ಚಿನ್ನ ಇದ್ದ ಕಡೆ ಎಲ್ಲವೂ ಬೇಗ ಬರುತ್ತದೆ ಅಲ್ವಾ.

ಈ ಹಳಿಯ ಒಂದು ವಿಶೇಷವನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. 16 ಕಿಲೋಮೀಟರಿಗೆ ಸ್ಟೇಷನ್ನುಗಳು ಹತ್ತಿರ ಹತ್ತಿರ ಇವೆ. ಬೆಮಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಇವುಗಳಲ್ಲಿ ಹೆಚ್ಚಿನವು ಗಣಿಗಳದ್ದೇ ಹೆಸರು. ಊರಿನ ನಡುವೆ ಒಂದು ದೊಡ್ಡ ಸ್ಟೇಷನ್ ಕಟ್ಟುವ ಬದಲು ಗಣಿಗೊಂದು ಸ್ಟೇಷನ್ ಎಂಬಂತೆ ಕಟ್ಟಿದರು. ಗಣಿಯ ಪಕ್ಕದಲ್ಲೇ ಕಾರ್ಮಿಕರ ಲೈನುಗಳಿದ್ದವು. ಆರ್ಕಾಟು, ಸೇಲಂ ಕಡೆಯಿಂದ ಬಂದ ತಮಿಳು ಮಾತಾಡುವ ದಲಿತ ಕುಟುಂಬಗಳು ತಲೆಮಾರುಗಟ್ಟಲೆ ಬದುಕಿದ ಸಾಲು ಮನೆಗಳು ಇವು. ಅಂದರೆ ರೈಲು ಬಂದದ್ದು ಚಿನ್ನಕ್ಕೆ, ಆದರೆ ನಿಂತದ್ದು ಬಡವರ ಮನೆ ಬಾಗಿಲಿನಲ್ಲಿ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಹಾಗೆ ಆಯಿತು ಅಷ್ಟೇ.

2001ರ ಫೆಬ್ರವರಿ 28

ಗಣಿಯ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಜಾಸ್ತಿ ಚಿನ್ನ ತೆಗೆದರು. ಚಾಂಪಿಯನ್ ರೀಫ್ ಎಂಬ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿಯಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, ಆಮೇಲೆ ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಆಳ ಹೆಚ್ಚಾದಷ್ಟೂ ಖರ್ಚು ಹೆಚ್ಚಿತು, ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಾ ಹೋಯಿತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು.

ಬೀಗ ಬಿದ್ದ ಮರುದಿನದ ಬೆಳಿಗ್ಗೆಯನ್ನು ಒಮ್ಮೆ ಊಹಿಸಿ. ಮನೆಯ ಯಜಮಾನನಿಗೆ ಗೊತ್ತಿದ್ದದ್ದು ಕಲ್ಲು ಕೊರೆಯುವುದು, ಆಳಕ್ಕೆ ಇಳಿಯುವುದು. ಆ ಕೆಲಸ ಇನ್ನೆಲ್ಲೂ ಸಿಗುವುದಿಲ್ಲ. ಊರಿನಲ್ಲಿ ಬೆಮಲ್ ಕಾರ್ಖಾನೆ ಇದೆ ನಿಜ. 1964ರಲ್ಲಿ ಹುಟ್ಟಿದ ಕಂಪನಿ, ಮಣ್ಣು ಅಗೆಯುವ ದೊಡ್ಡ ಯಂತ್ರ ಮಾಡುತ್ತದೆ. ಆದರೆ ಅದು ಎಷ್ಟು ಜನಕ್ಕೆ ಕೆಲಸ ಕೊಟ್ಟೀತು? ಸುತ್ತ ಮಳೆ ನಂಬಿದ ಒಣ ಭೂಮಿ, ಅದೂ ಇವರದಲ್ಲ. ಇಂಥ ಊರು ಖಾಲಿಯಾಗಬೇಕಿತ್ತು. ಗಣಿ ಮುಚ್ಚಿದ ಊರುಗಳು ಜಗತ್ತಿನಲ್ಲಿ ಎಷ್ಟೋ ಕಡೆ ಹಾಗೆ ಖಾಲಿಯಾಗಿವೆ. ಕಿಟಕಿ ಬಾಗಿಲು ಕಿತ್ತುಕೊಂಡು ಹೋದ ಮನೆಗಳು ಮಾತ್ರ ಉಳಿಯುತ್ತವೆ.

ಇಲ್ಲಿ ಹಾಗಾಗಲಿಲ್ಲ. ಜನಗಣತಿ ತೆಗೆದು ನೋಡಿ. ಅದರಲ್ಲಿ ಕೆಜಿಎಫ್ ಇರುವುದು ರಾಬರ್ಟ್‌ಸನ್‌ಪೇಟೆ ನಗರ ಪ್ರದೇಶ ಎಂಬ ಹೆಸರಿನಲ್ಲಿ. ಅದರ ಜನಸಂಖ್ಯೆ 2001ರಲ್ಲಿ ಸುಮಾರು 1.57 ಲಕ್ಷ, 2011ರಲ್ಲಿ ಸುಮಾರು 1.62 ಲಕ್ಷ. ಊರಿನ ಅತಿ ದೊಡ್ಡ ಉದ್ಯೋಗದಾತ ಹೋದ ಹತ್ತು ವರ್ಷದಲ್ಲಿ ಜನ ಕಡಿಮೆಯಾಗುವುದಿರಲಿ, ಸ್ವಲ್ಪ ಹೆಚ್ಚೇ ಆಗಿದ್ದಾರೆ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಏರಿತ್ತು. ಇಷ್ಟು ಹಸಿದ ನಗರ ತೊಂಬತ್ತು ಕಿಲೋಮೀಟರಿನೊಳಗೆ ಬಾಯಿ ತೆರೆದು ಕೂತಿರುವಾಗ ಕೆಜಿಎಫ್ ತನ್ನ ಜನರನ್ನು ಉಳಿಸಿಕೊಂಡಿತು. ಇದು ಸಣ್ಣ ವಿಷಯವಲ್ಲ.

ಪೂರ್ತಿ ಶ್ರೇಯ ರೈಲಿಗೇ ಎಂದು ನಾನು ಹೇಳುತ್ತಿಲ್ಲ. ಲೈನ್ ಮನೆಗಳಲ್ಲಿ ಜನ ಹಾಗೇ ಉಳಿದರು, ಹೇಳಿಕೊಳ್ಳುವಂಥ ಬಾಡಿಗೆ ಇರಲಿಲ್ಲ. ಬೆಮಲ್ ಇತ್ತು. ಬಾಕಿ ಹಣ ಬರುತ್ತದೆ, ಗಣಿ ಮತ್ತೆ ತೆರೆಯುತ್ತದೆ ಎಂಬ ಆಸೆಯೂ ಇತ್ತು. 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ದಾರಿ ಬಿಟ್ಟಾಗ ಆ ಆಸೆ ಇನ್ನೊಮ್ಮೆ ಚಿಗುರಿತು. ಆದರೆ ಬಾಡಿಗೆಯಿಲ್ಲದ ಮನೆಯಿಂದ ಹೊಟ್ಟೆ ತುಂಬುವುದಿಲ್ಲ. ತಿಂಗಳ ಸಂಬಳ ಎಲ್ಲಿಂದಲೋ ಬರಲೇಬೇಕು. ಅದು ಬಂದದ್ದು ಹಳಿಯ ಮೇಲೆ.

ಪಾಸಿನ ಗಣಿತ

ಈಗ ಲೆಕ್ಕಕ್ಕೆ ಬರೋಣ. ರೈಲ್ವೆಯ ತಿಂಗಳ ಪಾಸಿನ ದರ ಹೆಚ್ಚುಕಡಿಮೆ ಹದಿನೈದು ಸಲದ ಒಂದು ಕಡೆಯ ಟಿಕೆಟ್ಟಿನಷ್ಟು. ತಿಂಗಳಿಗೆ 25 ದಿನ ಕೆಲಸಕ್ಕೆ ಹೋಗಿ ಬಂದರೆ 50 ಪ್ರಯಾಣ. ಕೊಡುವುದು ಹದಿನೈದರ ದುಡ್ಡು. ಉಳಿದ 35 ಪ್ರಯಾಣ ಪುಕ್ಕಟೆ. ಮೊದಲೇ ಪ್ಯಾಸೆಂಜರ್ ರೈಲಿನ ಟಿಕೆಟ್ ದೇಶದಲ್ಲೇ ಅಗ್ಗದ ಪ್ರಯಾಣ. ಅದರಲ್ಲೂ ಮೂರನೇ ಒಂದಕ್ಕಿಂತ ಕಡಿಮೆ. ಬಸ್ಸಿನಲ್ಲಿ ಬೆಂಗಳೂರಿಗೆ ಎರಡು ಮೂರು ದಿನ ಓಡಾಡಿದರೆ ಆಗುವ ಖರ್ಚಿನಲ್ಲಿ ರೈಲಿನಲ್ಲಿ ತಿಂಗಳಿಡೀ ಓಡಾಡಬಹುದು.

ಇದಕ್ಕಿಂತ ಅಗ್ಗದ್ದೂ ಬಂತು. 2009ರಲ್ಲಿ ಮಮತಾ ಬ್ಯಾನರ್ಜಿ ರೈಲ್ವೆ ಮಂತ್ರಿಯಾಗಿದ್ದಾಗ ಇಜ್ಜತ್ ಪಾಸ್ ತಂದರು. ತಿಂಗಳ ಆದಾಯ 1,500 ರೂಪಾಯಿ ಮೀರದ ಅಸಂಘಟಿತ ಕೆಲಸಗಾರರಿಗೆ 100 ಕಿಲೋಮೀಟರಿನವರೆಗೆ ತಿಂಗಳಿಗೆ 25 ರೂಪಾಯಿ. ಹೌದು, ತಿಂಗಳಿಗೆ ಇಪ್ಪತ್ತೈದು. ಮಾರಿಕುಪ್ಪಂನಿಂದ ಬೆಂಗಳೂರು ಆ ನೂರು ಕಿಲೋಮೀಟರಿನೊಳಗೇ ಬೀಳುತ್ತದೆ. ಆಗ ರೈಲ್ವೆ ರಾಜ್ಯ ಮಂತ್ರಿಯಾಗಿದ್ದವರು ಕೋಲಾರದ ಸಂಸದ ಕೆ.ಎಚ್. ಮುನಿಯಪ್ಪ. 1,500 ರೂಪಾಯಿಯ ಮಿತಿ ಹಾಗೇ ಇಟ್ಟರೆ ಸಂಬಳ ಏರಿದ ಹಾಗೆ ಯಾರಿಗೂ ಅದು ದಕ್ಕುವುದಿಲ್ಲ, ಅದು ಬೇರೆ ಮಾತು.

ಒಂದು ಉದಾಹರಣೆ ತೆಗೆದುಕೊಳ್ಳಿ, ಲೆಕ್ಕಕ್ಕೆ ಅಂತ ಸುಮ್ನೆ ಹೇಳುತ್ತಿದ್ದೇನೆ. ಕೆ.ಆರ್. ಪುರದಲ್ಲೋ ವೈಟ್‌ಫೀಲ್ಡ್‌ನಲ್ಲೋ ಒಬ್ಬ ಸೆಕ್ಯುರಿಟಿ ಗಾರ್ಡು, ಸಂಬಳ 15,000. ಅವನು ಬೆಂಗಳೂರಿನಲ್ಲೇ ಸಂಸಾರ ಹೂಡಿದರೆ ಒಂದು ಕೋಣೆ ಒಂದು ಅಡುಗೆಮನೆಗೆ ಏಳು ಸಾವಿರವಾದರೂ ಬಾಡಿಗೆ ಅಂದುಕೊಳ್ಳೋಣ. ಅದಕ್ಕೆ ಮುಂಚೆ ಅಡ್ವಾನ್ಸ್. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿ ಗೊತ್ತಲ್ಲ, ಎಪ್ಪತ್ತು ಸಾವಿರ ಎಲ್ಲಿಂದ ತರುತ್ತಾನೆ? ಸಾಲ ಮಾಡಿಯೇ ಶುರುವಾಗಬೇಕು. ಊರಿನಲ್ಲೇ ಇದ್ದು ಪಾಸು ಮಾಡಿಸಿದರೆ ಆ ಏಳು ಸಾವಿರ ಮನೆಗೆ ಬರುತ್ತದೆ. ಅಂದರೆ ಅದೇ ಕೆಲಸ, ಅದೇ ಸಂಬಳ, ಆದರೆ ಕೈಗೆ ಹತ್ತುವ ದುಡ್ಡು ಹೆಚ್ಚುಕಡಿಮೆ ಎರಡರಷ್ಟು. ಈ ವ್ಯತ್ಯಾಸವನ್ನು ಕೊಟ್ಟದ್ದು ಯಾವ ಸರ್ಕಾರಿ ಯೋಜನೆಯೂ ಅಲ್ಲ, ಬೆಳಗಿನ ಆ ರೈಲು.

ಇಂಥ ಒಂದು ಸಾವಿರ ಜನ ತಲಾ ಹತ್ತು ಸಾವಿರ ತಂದರೆ ತಿಂಗಳಿಗೆ ಒಂದು ಕೋಟಿ ರೂಪಾಯಿ ಊರಿಗೆ ಇಳಿಯಿತು. ಇಲ್ಲಿ ಓಡಾಡುವವರು ಒಂದು ಸಾವಿರವಲ್ಲ, ಹಲವು ಸಾವಿರ. ಆ ದುಡ್ಡು ಎಲ್ಲಿಗೆ ಹೋಗುತ್ತದೆ? ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ, ಆಂಡರ್ಸನ್‌ಪೇಟೆಯ ಅಂಗಡಿಗಳಿಗೆ, ಸ್ಕೂಲ್ ಫೀಸಿಗೆ, ಟೈಲರಿಗೆ, ಸ್ಟೇಷನ್ ಮುಂದಿನ ಆಟೋದವನಿಗೆ. ಬೆಂಗಳೂರಿನ ಮನೆ ಮಾಲೀಕನ ಜೇಬಿಗೆ ಹೋಗಬೇಕಿದ್ದ ಬಾಡಿಗೆ ಕೆಜಿಎಫ್‌ನ ದಿನಸಿ ಅಂಗಡಿಯಲ್ಲಿ ಖರ್ಚಾಗುತ್ತದೆ. ಈ ರೈಲಿಗೆ ಸ್ವರ್ಣ ಎಂದು ಹೆಸರಿಟ್ಟವರು ಗಣಿಯನ್ನು ನೆನೆದೇ ಇಟ್ಟಿರಬೇಕು. ಈಗ ನೋಡಿದರೆ ಹೆಸರು ಬೇರೆ ರೀತಿಯಲ್ಲಿ ಸರಿಹೋಗಿದೆ.

ಕಾಲ್ನಡಿಗೆಯ ದೂರ

ಮೇಲೆ ಒಂದು ಮಾತು ನೆನಪಿಟ್ಟುಕೊಳ್ಳಿ ಎಂದಿದ್ದೆ. ಈ ಲೆಕ್ಕವೆಲ್ಲ ನಿಂತಿರುವುದು ಮನೆಯಿಂದ ಸ್ಟೇಷನ್ನಿಗೆ ನಡೆದು ಹೋಗಬಹುದು ಎಂಬುದರ ಮೇಲೆ. ಬೆಳಗಿನ ಜಾವಕ್ಕೆ ಆಟೋ ಹಿಡಿಯಬೇಕಾಗಿ ಬಂದರೆ ದಿನಕ್ಕೆ ನೂರು ರೂಪಾಯಿ ಅಲ್ಲೇ ಹೋಯಿತು. ಪಾಸಿನ ಉಳಿತಾಯವೆಲ್ಲ ಆಟೋ ಮೀಟರಿಗೆ. ಕೋರಮಂಡಲ್‌ನವನು ಕೋರಮಂಡಲ್‌ನಲ್ಲಿ ಹತ್ತುತ್ತಾನೆ, ಚಾಂಪಿಯನ್ನಿನವಳು ಚಾಂಪಿಯನ್ನಿನಲ್ಲಿ. 1894ರಲ್ಲಿ ಗಣಿಯ ಲಾಭಕ್ಕೆ ಮಾಡಿದ್ದು ಗಣಿ ಸತ್ತ ಮೇಲೆ ಕೂಲಿಯವರಿಗೆ ಒದಗಿತು.

ಆ ತುದಿಯಲ್ಲೂ ಅಷ್ಟೇ. ರೈಲು ಬಂಗಾರಪೇಟೆ ಬಿಟ್ಟ ಮೇಲೆ ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್, ಹೂಡಿ, ಕೃಷ್ಣರಾಜಪುರ, ಬೈಯಪ್ಪನಹಳ್ಳಿ, ಬೆಂಗಳೂರು ಈಸ್ಟ್, ಕಂಟೋನ್ಮೆಂಟ್ ದಾಟಿ ಮೆಜೆಸ್ಟಿಕ್ ಸೇರುತ್ತದೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. 2001ರಿಂದ ಈಚೆಗೆ ಬೆಂಗಳೂರು ಯಾವ ದಿಕ್ಕಿಗೆ ಊದಿಕೊಂಡಿತೋ ಅದೇ ದಿಕ್ಕು ಇದು. ಐಟಿ ಕಂಪನಿಗಳ ಗಾಜಿನ ಕಟ್ಟಡಗಳೆದ್ದದ್ದು ಈ ಹಳಿಯ ಆಚೀಚೆ. ಅವಕ್ಕೆ ಗಾರ್ಡು ಬೇಕು, ಹೌಸ್‌ಕೀಪಿಂಗ್ ಬೇಕು, ಲಿಫ್ಟ್ ನೋಡಿಕೊಳ್ಳುವವರು, ಎಲೆಕ್ಟ್ರಿಶಿಯನ್, ಕ್ಯಾಂಟೀನಿನವರು ಬೇಕು. ಕಂಪ್ಯೂಟರ್ ಮುಂದೆ ಕೂರುವವರೂ ಬೇಕು. ಗಣಿ ಕಾರ್ಮಿಕರ ಮಕ್ಕಳು ಅಲ್ಲಿಗೂ ಹೋದರು. ಕಂಟೋನ್ಮೆಂಟಿನಲ್ಲಿ ಇಳಿದರೆ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳು. ಕೆಜಿಎಫ್‌ನವರ ಇಂಗ್ಲಿಷು, ನಾಲ್ಕು ಭಾಷೆಯ ಮಾತು ಅಲ್ಲಿ ಕೆಲಸಕ್ಕೆ ಬಂತು. ಒಂದು ಕಾಲಕ್ಕೆ ಈ ಊರನ್ನು ಪುಟ್ಟ ಇಂಗ್ಲೆಂಡ್ ಎನ್ನುತ್ತಿದ್ದರಲ್ಲ, ಅದರ ಕೊನೆಯ ಬಡ್ಡಿ ಇದು.

ಅದೃಷ್ಟವೂ ಇದೆ ಎನ್ನಬೇಕು. ಬೆಂಗಳೂರು ಆ ಇಪ್ಪತ್ತು ವರ್ಷ ಬರೀ ತುಮಕೂರು ರಸ್ತೆ ಕಡೆಗೇ ಬೆಳೆದಿದ್ದರೆ ಈ ಪಾಸಿಗೆ ಇಷ್ಟು ಬೆಲೆ ಇರುತ್ತಿರಲಿಲ್ಲ.

ರೈಲಿನೊಳಗೆ ಇನ್ನೊಂದು ವ್ಯವಹಾರ ನಡೆಯುತ್ತದೆ, ಇದನ್ನು ಯಾವ ಲೆಕ್ಕಪತ್ರವೂ ಬರೆಯುವುದಿಲ್ಲ. ದಿನಾ ಅದೇ ಬೋಗಿ, ಅದೇ ಸೀಟು, ಅದೇ ಮುಖಗಳು. "ನಮ್ಮ ಬಿಲ್ಡಿಂಗಿನಲ್ಲಿ ಇಬ್ಬರು ಬೇಕಂತೆ, ನಿಮ್ಮ ತಮ್ಮನ್ನ ಕಳಿಸಿ" ಎಂಬ ಮಾತು ಮಾಲೂರು ದಾಟುವುದರೊಳಗೆ ಮುಗಿದಿರುತ್ತದೆ. ಮೊದಲ ಸಲ ಬೆಂಗಳೂರಿಗೆ ಹೊರಟ ಹದಿನೆಂಟರ ಹುಡುಗನಿಗೆ ಎಲ್ಲಿ ಇಳಿಯಬೇಕು, ಯಾರನ್ನು ನೋಡಬೇಕು, ಯಾವ ಏಜೆನ್ಸಿ ಸಂಬಳ ಹಿಡಿದುಕೊಳ್ಳುತ್ತದೆ ಎಂದು ಹೇಳಿಕೊಡುವವರು ಎದುರು ಸೀಟಿನಲ್ಲೇ ಇರುತ್ತಾರೆ. ಕಾರಿನಲ್ಲಿ ಒಬ್ಬೊಬ್ಬರೇ ಹೋಗುವವರಿಗೆ ಇದು ಎಲ್ಲಿ ಸಿಗುತ್ತದೆ?

ಪಕ್ಕದ ಊರುಗಳನ್ನು ನೋಡಿ

ಹೋಲಿಕೆ ಇಲ್ಲದೆ ಪ್ರಕರಣ ಪೂರ್ತಿಯಾಗುವುದಿಲ್ಲ. ಕೋಲಾರ ಜಿಲ್ಲಾ ಕೇಂದ್ರ, ಕೆಜಿಎಫ್‌ನಿಂದ ದೂರವೇನಿಲ್ಲ. ಅಲ್ಲಿಗೂ 1913ರಲ್ಲೇ ಬಂಗಾರಪೇಟೆಯಿಂದ ನ್ಯಾರೋಗೇಜ್ ಹಳಿ ಬಂದಿತ್ತು, ಮುಂದೆ ಚಿಕ್ಕಬಳ್ಳಾಪುರದ ಕಡೆಗೂ ಹೋಯಿತು. ಆಮೇಲೆ ಗೇಜ್ ಬದಲಾವಣೆ ಎಂದು ಹಳಿ ಕಿತ್ತರು. ಬಂಗಾರಪೇಟೆ–ಕೋಲಾರದ ನಡುವೆ ರೈಲ್‌ಬಸ್ ಎಂಬ ಒಂಟಿ ಡಬ್ಬಿ ವರ್ಷಗಟ್ಟಲೆ ಓಡಿತು. ನೋಡಲು ಮುದ್ದಾಗಿತ್ತು, ಅಷ್ಟೇ. ಚಿಕ್ಕಬಳ್ಳಾಪುರದವರೆಗೆ ಬ್ರಾಡ್‌ಗೇಜ್ ಪೂರ್ತಿಯಾಗಿದ್ದು 2013ರಲ್ಲಿ. ಆ ದಾರಿ ಬೆಂಗಳೂರಿಗೆ ಸುತ್ತು. ವೈಟ್‌ಫೀಲ್ಡ್‌ನಿಂದ ಕೋಲಾರಕ್ಕೆ ನೇರ ಹಳಿಯ ಯೋಜನೆ ಕಾಗದದ ಮೇಲೇ ಇದೆ. ಹೀಗಾಗಿ ಕೋಲಾರದವರು ಬೆಂಗಳೂರಿಗೆ ಹೈವೇಯಲ್ಲಿ ಬಸ್ ಹತ್ತುತ್ತಾರೆ. ಅವರಿಗೆ ಹೈವೇಯೇ ಬೇರೆ ದಾರಿ ತೆರೆಯಿತು ಅನ್ನಿ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದವು, ಹೋಂಡಾ ಬಂತು, ಐಫೋನ್ ಜೋಡಿಸುವ ಘಟಕವೂ ಬಂತು. ರೈಲಿದ್ದ ಕೆಜಿಎಫ್‌ಗೆ ಕಾರ್ಖಾನೆ ಬರಲಿಲ್ಲ, ಪ್ಯಾಸೆಂಜರ್ ರೈಲು ಸರಿಯಾಗಿಲ್ಲದ ಕೋಲಾರದ ಪಕ್ಕಕ್ಕೆ ಬಂತು. ರೈಲು ಬಂದರೆ ಕೈಗಾರಿಕೆ ಬರುತ್ತದೆ ಎನ್ನುವವರು ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಲಾರಿ ನಿಲ್ಲುವ ಜಾಗ, ಅಗ್ಗದ ಸಮತಟ್ಟು ಭೂಮಿ, ಹೈವೇ, ಇವು ಕಾರ್ಖಾನೆ ಕರೆಯುತ್ತವೆ. ಪ್ಯಾಸೆಂಜರ್ ರೈಲು ಕರೆಯುವುದು ಮನುಷ್ಯರನ್ನು.

ಬಂಗಾರಪೇಟೆಯ ಕಥೆ ಮತ್ತೂ ಬೇರೆ. ಅದು ಜಂಕ್ಷನ್. ಕೆಜಿಎಫ್, ಕೋಲಾರ, ಬೆಂಗಳೂರು, ಜೋಲಾರಪೇಟೆ ನಾಲ್ಕೂ ಕಡೆಯವರು ಇಲ್ಲಿ ಇಳಿದು ಹತ್ತುತ್ತಾರೆ. ಕಾಯುವ ಜನ ಇದ್ದ ಕಡೆ ತಿನ್ನುವ ಅಂಗಡಿ ಹುಟ್ಟುತ್ತದೆ. ಬಂಗಾರಪೇಟೆ ಪಾನಿಪುರಿ ಇವತ್ತು ಬೆಂಗಳೂರಿನ ಬೀದಿಬೀದಿಯಲ್ಲಿ ಬೋರ್ಡು ಹಾಕಿಕೊಂಡಿದೆಯಲ್ಲ, ತಿಳಿ ನೀರಿನಂಥ ಪಾನಿ, ಕುಡಿದರೆ ಕಿವಿಯಲ್ಲಿ ಹೊಗೆ. ಅದರ ಹುಟ್ಟಿಗೆ ರೈಲೇ ಕಾರಣ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಜಂಕ್ಷನ್ ಇಲ್ಲದ ಊರಿನ ಪಾನಿಪುರಿಗೆ ಇಷ್ಟು ಹೆಸರು ಬರುತ್ತಿತ್ತೇ ಎಂದು ಮಾತ್ರ ಕೇಳುತ್ತೇನೆ.

ಯಾರ ಪುಸ್ತಕದಲ್ಲಿ ನಷ್ಟ, ಯಾರ ಪುಸ್ತಕದಲ್ಲಿ ಲಾಭ

ರೈಲ್ವೆ ಟಿಕೆಟ್ಟಿನ ಮೇಲೆ ಒಂದು ಸಾಲು ಅಚ್ಚು ಹಾಕುತ್ತಿದ್ದರು: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57 ಮಾತ್ರ ರೈಲ್ವೆಗೆ ವಾಪಸು ಬರುತ್ತದೆ ಎಂದು. ಪಾಸಿನ ಪ್ರಯಾಣಿಕನಿಂದ ಇನ್ನೂ ಕಡಿಮೆಯೇ ಬಂದೀತು. ರೈಲ್ವೆಯ ಪುಸ್ತಕದಲ್ಲಿ ಮಾರಿಕುಪ್ಪಂ ರೈಲು ನಷ್ಟದ ಬಾಬ್ತು. ಕೆಜಿಎಫ್‌ನ ದಿನಸಿ ಅಂಗಡಿಯ ಪುಸ್ತಕದಲ್ಲಿ ಅದೇ ರೈಲು ಲಾಭ. ಎರಡು ಪುಸ್ತಕವನ್ನೂ ಒಟ್ಟಿಗೆ ತೆರೆದು ನೋಡುವ ಕಚೇರಿ ನಮ್ಮಲ್ಲಿ ಇಲ್ಲ. ಅದೇ ತೊಂದರೆ.

ಮೂರನೆಯ ಪುಸ್ತಕವೂ ಒಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೆಂಗಳೂರಿನ ಮಾಲೀಕರದ್ದು. ಊರಿನಲ್ಲೇ ಮನೆ ಇದೆ, ಪಾಸು ಅಗ್ಗ, ಹಾಗಾಗಿ ಈ ಜನ ಕಡಿಮೆ ಸಂಬಳಕ್ಕೂ ಒಪ್ಪುತ್ತಾರೆ. ಬೆಂಗಳೂರಿನಲ್ಲಿ ಬದುಕಲು ಸಾಲುವಷ್ಟು ಕೂಲಿ ಕೊಡದೆ ಬೆಂಗಳೂರಿನ ಕೆಲಸ ಮಾಡಿಸಿಕೊಳ್ಳಬಹುದು. ರೈಲ್ವೆ ಕೊಟ್ಟ ರಿಯಾಯಿತಿಯ ಒಂದು ಪಾಲು ಹೀಗೆ ಸುತ್ತಿ ಬಳಸಿ ವೈಟ್‌ಫೀಲ್ಡ್‌ನ ಕಟ್ಟಡದ ಮಾಲೀಕನಿಗೇ ಸೇರುತ್ತದೆ. ಎಷ್ಟು ಪಾಲು ಎಂದು ಅಳೆಯುವುದು ಕಷ್ಟ, ಇದೆ ಎನ್ನುವುದಂತೂ ಸ್ಪಷ್ಟ.

ಇನ್ನು ದೇಹ ತೆರುವ ಬೆಲೆ. ಒಂದು ಕಡೆಗೆ ಎರಡರಿಂದ ಎರಡೂವರೆ ಗಂಟೆ. ಸ್ಟೇಷನ್ನಿಗೆ ನಡೆಯುವುದು, ಕಾಯುವುದು, ಆ ಕಡೆ ಬಸ್ಸೋ ಮೆಟ್ರೋನೋ ಎಲ್ಲ ಸೇರಿ ದಿನಕ್ಕೆ ಆರು ಗಂಟೆ ದಾರಿಯಲ್ಲೇ. ಕೆಲಸ ಒಂಬತ್ತು ಗಂಟೆ. ಉಳಿದದ್ದರಲ್ಲಿ ಊಟ, ನಿದ್ದೆ, ಸಂಸಾರ. ಮಕ್ಕಳು ಏಳುವ ಮೊದಲೇ ಹೊರಟು, ಮಲಗಿದ ಮೇಲೆ ಬರುವ ಅಪ್ಪಂದಿರ ಊರು ಇದು. ಹೆಂಗಸರಿಗೆ ಇನ್ನೂ ಜಾಸ್ತಿ: ಅಡುಗೆ ಮುಗಿಸಿಯೇ ಹೊರಡಬೇಕು, ಅಂದರೆ ಏಳುವುದು ಎಷ್ಟು ಹೊತ್ತಿಗೆ ಎಂದು ನೀವೇ ಲೆಕ್ಕ ಹಾಕಿ. ಈ ಗಂಟೆಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ. ಮೇಲೆ ಹೇಳಿದ ಏಳು ಸಾವಿರದ ಉಳಿತಾಯವನ್ನು ತಿಂಗಳಿಗೆ 150 ಗಂಟೆಯಿಂದ ಭಾಗಿಸಿ ನೋಡಿ. ಗಂಟೆಗೆ 47 ರೂಪಾಯಿಯೂ ಬರುವುದಿಲ್ಲ. ಲಾಭ ಇದೆ, ಆದರೆ ಪುಕ್ಕಟೆ ಬಂದದ್ದಲ್ಲ.

ರೈಲು ನಿಂತಾಗ

ಒಂದು ಸೇವೆಯ ಬೆಲೆ ತಿಳಿಯಬೇಕಾದರೆ ಅದನ್ನು ಕೆಲವು ತಿಂಗಳು ನಿಲ್ಲಿಸಿ ನೋಡಬೇಕು. ಬೇಕೆಂದು ಯಾರೂ ಹಾಗೆ ಮಾಡುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಆ ಪ್ರಯೋಗ ಮಾಡಿತು. ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವು. ಲಾಕ್‌ಡೌನ್ ಸಡಿಲವಾಗಿ ಬೆಂಗಳೂರಿನ ಕಚೇರಿ, ಅಂಗಡಿಗಳು ತೆರೆದ ಮೇಲೂ ಪಾಸಿನ ರೈಲು ತಿಂಗಳುಗಟ್ಟಲೆ ಬರಲಿಲ್ಲ. ಮೊದಲು ಬಂದವು ರಿಸರ್ವೇಷನ್ ಇರುವ ವಿಶೇಷ ರೈಲುಗಳು. ಬೋಗಿಯಲ್ಲಿ ನಿಂತು ಹೋಗುವವನ ಸರದಿ ಕೊನೆಗೆ.

ಆಗ ಮೂರು ದಾರಿ ಉಳಿದವು. ಬಸ್ಸಿಗೆ ದುಡ್ಡು ಸುರಿಯುವುದು. ನಾಲ್ಕೈದು ಜನ ಸೇರಿ ಬೆಂಗಳೂರಿನಲ್ಲಿ ಒಂದು ಕೋಣೆ ಹಿಡಿದು ವಾರಕ್ಕೊಮ್ಮೆ ಮನೆಗೆ ಬರುವುದು. ಇಲ್ಲವೇ ಕೆಲಸ ಬಿಡುವುದು. ಹತ್ತು ಹನ್ನೆರಡು ಸಾವಿರ ಸಂಬಳದವನಿಗೆ ಮೊದಲ ಎರಡೂ ಕೈಗೆಟುಕುವುದಿಲ್ಲ. ಆಮೇಲೆ ರೈಲು ಬಂದಾಗಲೂ ಎಕ್ಸ್‌ಪ್ರೆಸ್ ದರದಲ್ಲಿ ಬಂತು, ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ ಮೂವತ್ತಾಯಿತು. ಹಳೆಯ ಸಾಮಾನ್ಯ ದರ ವಾಪಸಾಗಿದ್ದು 2024ರ ಫೆಬ್ರವರಿಯಲ್ಲಿ. ಪಾಸಿದ್ದವನಿಗೆ ಈ ಏರಿಕೆ ಅಷ್ಟು ತಟ್ಟಲಿಲ್ಲ. ದಿನಗೂಲಿಗೆ ಅಂದಂದೇ ಟಿಕೆಟ್ ತೆಗೆಯುವವನಿಗೆ ತಟ್ಟಿತು. ಪಾಸಿಗೆ ತಿಂಗಳ ದುಡ್ಡು ಒಟ್ಟಿಗೆ ಕೊಡಬೇಕಲ್ಲ, ಅದೂ ಎಲ್ಲರ ಕೈಯಲ್ಲಿರುವುದಿಲ್ಲ. ಅತಿ ಬಡವನೇ ಅತಿ ಹೆಚ್ಚು ದರ ಕೊಟ್ಟ.

ಈಗಿನ ಸ್ಥಿತಿ

ಈಚೆಗೆ ಮೂರು ನಾಲ್ಕು ಬದಲಾವಣೆ ಒಟ್ಟಿಗೆ ಬಂದಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಪಾಸಿನ ಲೆಕ್ಕವನ್ನೇ ಅದು ಅರ್ಧ ಜನರ ಮಟ್ಟಿಗೆ ತಲೆಕೆಳಗು ಮಾಡಿತು, ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಕೂರುವ ತಾಳ್ಮೆ ಇದ್ದರೆ. ಅದೇ ವರ್ಷ ಅಕ್ಟೋಬರಿನಲ್ಲಿ ಮೆಟ್ರೋ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು. ಈಗ ವೈಟ್‌ಫೀಲ್ಡ್‌ನಲ್ಲೋ ಕೆ.ಆರ್. ಪುರದಲ್ಲೋ ರೈಲಿಳಿದು ಮೆಟ್ರೋ ಹತ್ತಿದರೆ ಮೊದಲು ತಲುಪಲಾಗದಿದ್ದ ಕೆಲಸಗಳೂ ಕೈಗೆ ಸಿಗುತ್ತವೆ. ರೈಲಿನ ಬೆಲೆ ಹಳಿ ಬದಲಾಗದೆಯೇ ಹೆಚ್ಚಾಯಿತು ಅನ್ನಬಹುದು. ಕೆಜಿಎಫ್ ಪಕ್ಕದ ಬೇತಮಂಗಲದ ಹತ್ತಿರ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದು ಹೋಗುತ್ತಿದೆ. ಕಾರಿದ್ದವರಿಗೆ ಸುಖ. ಡಬ್ಬಿ ಹಿಡಿದು ನಿಂತವನಿಗೆ ಅದರಿಂದ ಏನೂ ಇಲ್ಲ.

ದೊಡ್ಡ ತೊಡಕು ಹಳಿಯ ಮೇಲೇ ಇದೆ. ಬೆಂಗಳೂರು–ಜೋಲಾರಪೇಟೆ ಮಾರ್ಗ ರಾಜ್ಯದಲ್ಲೇ ಅತಿ ತುಂಬಿದ ಮಾರ್ಗಗಳಲ್ಲಿ ಒಂದು. ಚೆನ್ನೈ, ಕೇರಳ, ಕೋಲ್ಕತ್ತ ಕಡೆಯ ಎಕ್ಸ್‌ಪ್ರೆಸ್ಸುಗಳು, ಗೂಡ್ಸು, 2022ರ ನವೆಂಬರಿನಿಂದ ವಂದೇ ಭಾರತ್, ಎಲ್ಲವೂ ಇದೇ ಹಳಿಯಲ್ಲಿ. ಪ್ಯಾಸೆಂಜರನ್ನು ಬದಿಗೆ ಸರಿಸಿ ದೊಡ್ಡದನ್ನು ಮುಂದೆ ಬಿಡುವುದು ಹಳೆಯ ಪದ್ಧತಿ. "ಕ್ರಾಸಿಂಗ್ ಹಾಕಿದ್ದಾರೆ", "ಔಟರಿನಲ್ಲಿ ನಿಲ್ಲಿಸಿದ್ದಾರೆ" ಎಂಬ ಮಾತು ಈ ಬೋಗಿಗಳಲ್ಲಿ ಗಾದೆಯಷ್ಟು ಹಳೆಯದು. ಎಕ್ಸ್‌ಪ್ರೆಸ್ಸಿನವನಿಗೆ ಇಪ್ಪತ್ತು ನಿಮಿಷ ತಡವಾದರೆ ಬೇಸರ, ಶಿಫ್ಟಿಗೆ ಹೋಗುವವನಿಗೆ ಅರ್ಧ ದಿನದ ಸಂಬಳ ಖೋತಾ. ತಿಂಗಳಲ್ಲಿ ನಾಲ್ಕು ಸಲ ಹೀಗಾದರೆ ಕೆಲಸವೇ ಹೋಗುತ್ತದೆ. ಆದ್ದರಿಂದ ಈ ಊರಿಗೆ ಹೊಸ ರೈಲಿಗಿಂತ ಮೊದಲು ಬೇಕಿರುವುದು ಇದ್ದ ರೈಲು ಸರಿಯಾದ ಹೊತ್ತಿಗೆ ತಲುಪುವುದು. ಕಂಟೋನ್ಮೆಂಟಿನಿಂದ ವೈಟ್‌ಫೀಲ್ಡ್‌ವರೆಗೆ ನಾಲ್ಕು ಹಳಿ ಮಾಡುವ ಕೆಲಸ ತೊಂಬತ್ತರ ದಶಕದಿಂದ ಮಾತಿನಲ್ಲಿದ್ದದ್ದು. ಉದ್ಘಾಟನೆಯ ಫೋಟೋ ಚೆನ್ನಾಗಿ ಬರದ ಕೆಲಸ ಅದು. ಮಾರಿಕುಪ್ಪಂನವನಿಗೆ ಮಾತ್ರ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇನ್ನೊಂದು ಕಡೆ ಮಾರಿಕುಪ್ಪಂನ ಮುಗಿದ ಹಳಿಯನ್ನು ಮುಂದೆ ಜೋಲಾರಪೇಟೆ ಮಾರ್ಗದಲ್ಲಿರುವ ಆಂಧ್ರದ ಕುಪ್ಪಂವರೆಗೆ ಒಯ್ಯುವ ಕೆಲಸ ವರ್ಷಗಳಿಂದ ನಡೆಯುತ್ತಿದೆ, ಸುಮಾರು 24 ಕಿಲೋಮೀಟರ್. ಅದು ಸೇರಿದರೆ ಕವಲು ಮಾರ್ಗ ಹೋಗಿ ಹಾದು ಹೋಗುವ ಮಾರ್ಗವಾಗುತ್ತದೆ. ಊರಿನಲ್ಲಿ ಇದರ ಬಗ್ಗೆ ಆಸೆ ಇದೆ, ಸಹಜ. ನನಗೆ ಸ್ವಲ್ಪ ಅನುಮಾನವೂ ಇದೆ. ಇಷ್ಟು ದಿನ ಈ 16 ಕಿಲೋಮೀಟರಿನಲ್ಲಿ ಪ್ಯಾಸೆಂಜರಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ, ಯಾಕೆಂದರೆ ಇಲ್ಲಿಂದ ಮುಂದೆ ಎಲ್ಲಿಗೂ ದಾರಿ ಇರಲಿಲ್ಲ. ನಾಳೆ ದೊಡ್ಡ ರೈಲುಗಳು ಈ ಕಡೆ ತಿರುಗಿದರೆ ಅವು ಕೋರಮಂಡಲ್‌ನಲ್ಲಿ ನಿಲ್ಲುವುದಿಲ್ಲ, ಚಾಂಪಿಯನ್‌ನಲ್ಲಂತೂ ನಿಲ್ಲುವುದೇ ಇಲ್ಲ. ಅವು ಹಾದು ಹೋಗುವವರೆಗೆ ಬೆಳಗಿನ ರೈಲನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಈಗಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.